ಆಟದ ಹಸುವಿಗೆ ನಿಜವಾದ ಹಣ ಕಟ್ಟಬೇಡಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದು ಮೊಬೈಲಿನಲ್ಲಿ ಒಕ್ಕಲುತನದ ಆಟ ಆಡುವವರೆಲ್ಲರೂ ದಯವಿಟ್ಟು ಇದನ್ನು ಓದಿ. ‘ಹಸು ಕೊಳ್ಳಿ, ದಿನವೂ ಹಾಲಿನ ಹಣ ನಿಮ್ಮ ಖಾತೆಗೆ’ ಎಂಬ ಆ್ಯಪ್‌ನ ಲಿಂಕ್ ನಿಮಗೂ ಬಂದಿದ್ದರೆ ಒತ್ತಬೇಡಿ. ಕಳಿಸಿದವರು ಎಷ್ಟೇ ಹಳೆಯ ಪರಿಚಯದವರಾಗಿರಲಿ, ಒತ್ತಬೇಡಿ. ನನ್ನ ತಂಗಿಯ 18,000 ರೂಪಾಯಿ ನುಂಗಿದವನನ್ನು ಗುಂಪಿನಲ್ಲಿ ನಾವೆಲ್ಲ ‘ಅಣ್ಣ’ ಎಂದೇ ಕರೆಯುತ್ತಿದ್ದೆವು.

ಅವನು ಅಷ್ಟು ನಂಬಿಕೆ ಗಳಿಸಿದ್ದು ಹೇಗೆಂದು ತಿಳಿಯಬೇಕಾದರೆ ಈ ಆಟದ ವ್ಯಾಪಾರ ನಡೆಯುವ ರೀತಿ ಗೊತ್ತಿರಬೇಕು. ನಾವು ಆಡುತ್ತಿದ್ದುದು 2012ರಲ್ಲಿ ಬಂದ ಹೇ ಡೇ. ಅದರಲ್ಲಿ ಗೋಧಿ, ಬೆಣ್ಣೆ, ಬ್ರೆಡ್ಡು ಏನನ್ನೇ ಆಗಲಿ ರಸ್ತೆ ಬದಿಯ ಅಂಗಡಿಯಲ್ಲಿಟ್ಟು ಬೇರೆ ಆಟಗಾರರಿಗೆ ಮಾರಬಹುದು. ಬೆಲೆ ಇಡುವವರು ನಾವೇ, ಆದರೆ ಗರಿಷ್ಠ ಬೆಲೆಯನ್ನು ಆಟ ಮೊದಲೇ ಗೊತ್ತು ಮಾಡಿರುತ್ತದೆ. ಉಗ್ರಾಣ ದೊಡ್ಡದು ಮಾಡಲು ಬೋಲ್ಟ್, ಹಲಗೆ, ಟೇಪ್ ಬೇಕು. ಇವನ್ನು ಬೆಳೆಯಲು ಬರುವುದಿಲ್ಲ. ಕೊಯ್ಲಿನಂಥ ಕೆಲಸ ಮಾಡುವಾಗ ಅಪರೂಪಕ್ಕೆ ಒಂದೊಂದು ಸಿಗುತ್ತವೆ. ಎಲ್ಲರಿಗೂ ಬೇಕು, ಬೆಲೆ ಮಾತ್ರ ಮಿತಿ ದಾಟುವಂತಿಲ್ಲ. ಹೀಗಾಗಿ ನಾಣ್ಯಕ್ಕೆ ಮಾರಲು ಬಹಳ ಜನ ಒಪ್ಪುವುದಿಲ್ಲ. ನಿನ್ನ ಬೋಲ್ಟಿಗೆ ನನ್ನ ಹಲಗೆ ಎಂಬ ವಿನಿಮಯವೇ ನಡೆಯುತ್ತದೆ. ಇದನ್ನು ಆಟದ ಕಂಪನಿ ಹೇಳಿಕೊಟ್ಟಿದ್ದಲ್ಲ, ಆಡುವವರೇ ಕಟ್ಟಿಕೊಂಡ ಪದ್ಧತಿ. ಆದರೆ ಎರಡೂ ಸರಕು ಒಟ್ಟಿಗೆ ಕೈ ಬದಲಿಸುವ ಏರ್ಪಾಡು ಆಟದೊಳಗೆ ಇಲ್ಲ. ಒಬ್ಬರು ಮೊದಲು ಅಂಗಡಿಯಲ್ಲಿ ಇಡಬೇಕು, ಮತ್ತೊಬ್ಬರು ಅದನ್ನು ಕೊಂಡ ಮೇಲೆ ತಮ್ಮದನ್ನು ಇಡಬೇಕು. ನಡುವೆ ಇರುವುದು ಬರೀ ಮಾತು.

ನಾನು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಭತ್ತದ ವ್ಯಾಪಾರದಲ್ಲೂ ಮಾತಿಗೆ ಬೆಲೆ ಇದೆ, ಆದರೆ ಮಾತಿನ ಹಿಂದೆ ತೂಕದ ಚೀಟಿ ಇರುತ್ತದೆ, ಲೈಸೆನ್ಸ್ ಇರುತ್ತದೆ, ದೂರು ಕೊಡಲು ಮಾರುಕಟ್ಟೆ ಸಮಿತಿ ಇರುತ್ತದೆ. ಆಟದ ವಿನಿಮಯದ ಹಿಂದೆ ಇವು ಯಾವುವೂ ಇಲ್ಲ. ಹಾಗಿದ್ದೂ ನಮ್ಮ ಗುಂಪಿನಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು. ಆಟದಲ್ಲಿ ಒಂದು ಗುಂಪಿಗೆ ಮೂವತ್ತು ಜನರವರೆಗೆ ಸೇರಬಹುದು. ವಾರವಾರ ಗುಂಪುಗಳ ನಡುವೆ ನಡೆಯುವ ಡರ್ಬಿ ಪಂದ್ಯಕ್ಕೆ ಯಾರಿಗೆ ಏನು ಕಡಿಮೆಯಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿಕೊಂಡು ಒಬ್ಬರಿಗೊಬ್ಬರು ಒದಗುತ್ತಿದ್ದೆವು. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಗೆಳತಿಯರು ದಿನವೂ ಮಾತನಾಡುತ್ತಿದ್ದುದು ಆ ಗುಂಪಿನಲ್ಲೇ. ಅದು ನಮಗೆ ಬರೀ ಆಟವಾಗಿರಲಿಲ್ಲ.

ಆ ಮನುಷ್ಯ ಬಂದದ್ದು ಮಧ್ಯಸ್ಥನಾಗಿ. ಇಬ್ಬರೂ ತಮ್ಮ ಸರಕನ್ನು ಅವನಿಗೆ ಮಾರುತ್ತಿದ್ದರು, ಅವನು ಇವರದನ್ನು ಅವರಿಗೆ, ಅವರದನ್ನು ಇವರಿಗೆ ದಾಟಿಸುತ್ತಿದ್ದ. ಒಂದು ಬೋಲ್ಟನ್ನೂ ಇಟ್ಟುಕೊಳ್ಳಲಿಲ್ಲ. ಹೊರಗಿನವರಿಂದ ಯಾರಾದರೂ ಮೋಸ ಹೋದರೆ ತನ್ನ ಉಗ್ರಾಣದಿಂದ ತುಂಬಿಕೊಟ್ಟ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಆಮೇಲೆ ಹೊಸ ಆ್ಯಪ್‌ನ ಮಾತು ತೆಗೆದ: 1,500 ರೂಪಾಯಿಗೆ ಒಂದು ಹಸು, ದಿನಕ್ಕೆ 60 ರೂಪಾಯಿ ಹಾಲಿನ ಹಣ, ಹೊಸಬರನ್ನು ಕರೆತಂದರೆ ಕಮಿಷನ್.

ನನ್ನ ತಂಗಿ ಸಿಂಧನೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ. ಮೊದಲ ಹಸುವಿನ ಹಣ ಕೆಲವು ದಿನ ಸರಿಯಾಗಿ ಬಂತು. ಆ ಧೈರ್ಯದ ಮೇಲೆ ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟಿದ್ದನ್ನೂ ಕಟ್ಟಿದಳು. ಹಣ ವಾಪಸ್ ತೆಗೆಯಲು ಹೋದಾಗ ‘ಮೊದಲು ತೆರಿಗೆ ತುಂಬಿ’ ಎಂಬ ಸಂದೇಶ ಬಂತು. ನನಗೆ ಫೋನ್ ಮಾಡಿದ್ದು ಆಗ. ಅಷ್ಟರಲ್ಲಿ ಅವನು ಗುಂಪು ಬಿಟ್ಟಿದ್ದ, ಅವನ ಫೋನ್ ಸ್ವಿಚ್ ಆಫ್ ಆಗಿತ್ತು. ಕಮಿಷನ್ನಿಗಾಗಿ ಕರೆತಂದವರ ಮೇಲೆ ಕರೆಸಿಕೊಂಡು ಬಂದವರು ಮುಗಿಬಿದ್ದರು. ಅಕ್ಕ, ತಂಗಿ ಎನ್ನುತ್ತಿದ್ದವರು ಇವತ್ತು ಮಾತು ಬಿಟ್ಟಿದ್ದಾರೆ. ಹಣದಷ್ಟೇ ಇದೂ ನನ್ನನ್ನು ಸುಡುತ್ತದೆ.

ಇದು ನಮ್ಮ ಕಡೆ ಹುಟ್ಟಿದ ಉಪಾಯವೂ ಅಲ್ಲ. ಟರ್ಕಿಯಲ್ಲಿ 2016ರಲ್ಲಿ ಚಿಫ್ತ್‌ಲಿಕ್ ಬ್ಯಾಂಕ್ ಎಂಬ ಹೆಸರಿನಲ್ಲಿ ಇದೇ ನಡೆಯಿತು. ಫಾರ್ಮ್‌ವಿಲ್ ಎಂಬ ಒಕ್ಕಲುತನದ ಆಟವನ್ನು ಹೋಲುವ ಆಟದಲ್ಲಿ ಜನ ನಿಜವಾದ ಹಣ ಕೊಟ್ಟು ಕೋಳಿ, ಹಸು ಕೊಂಡರು. ಸ್ಥಾಪಕ 2018ರಲ್ಲಿ ದೇಶ ಬಿಟ್ಟು ಓಡಿದ, 2021ರಲ್ಲಿ ಬ್ರೆಜಿಲ್‌ನಲ್ಲಿ ಶರಣಾದ. 2023ರಲ್ಲಿ ಟರ್ಕಿಯ ನ್ಯಾಯಾಲಯ ಅವನಿಗೆ ಎಲ್ಲ ಆರೋಪಗಳೂ ಸೇರಿ 45,000 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಿತು. ಲೆಕ್ಕ ಎಲ್ಲ ಕಡೆಯೂ ಒಂದೇ: ಪರದೆಯ ಮೇಲಿನ ಹಸು ಹಾಲು ಕರೆಯುವುದಿಲ್ಲ, ನಿಮಗೆ ಬರುವ 60 ರೂಪಾಯಿ ನಿಮ್ಮ ನಂತರ ಸೇರಿದವರು ಕಟ್ಟಿದ ಹಣ. ಹೇ ಡೇ ನೋಡಿ, ಗಳಿಸಿದ ನಾಣ್ಯವನ್ನು ರೂಪಾಯಿ ಮಾಡಿಕೊಳ್ಳುವ ದಾರಿಯನ್ನೇ ಅದು ಕೊಟ್ಟಿಲ್ಲ. ಖಾತೆ ಮಾರುವುದನ್ನೂ ಅದರ ನಿಯಮ ಒಪ್ಪುವುದಿಲ್ಲ. ಆದ್ದರಿಂದ ಬೋಲ್ಟಿಗೆ ಫೋನ್‌ಪೇ ಮಾಡಿ ಎನ್ನುವವರನ್ನೂ, ಲಾಗಿನ್ ಮಾಡಲು ಇಮೇಲ್‌ಗೆ ಬಂದ ಸಂಖ್ಯೆ ಹೇಳಿ ಎನ್ನುವವರನ್ನೂ ಹತ್ತಿರ ಸೇರಿಸಬೇಡಿ.

ಈಗಾಗಲೇ ಹಣ ಹೋಗಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಮೋಸಗಾರನ ಖಾತೆಯಲ್ಲಿ ಉಳಿದ ಹಣವನ್ನಾದರೂ ತಡೆಹಿಡಿಯಲು ಅವಕಾಶವಿರುತ್ತದೆ. ‘ತೆರಿಗೆ’ ಎಂದು ಕೇಳಿದ ಹಣವನ್ನು ಯಾವ ಕಾರಣಕ್ಕೂ ತುಂಬಬೇಡಿ. ಸಿಟ್ಟಿನಲ್ಲಿ ಆ ಚಾಟ್ ಅಳಿಸಬೇಡಿ; ಹಣ ಕಳಿಸಿದ ಯುಪಿಐ ಐಡಿ, ವಹಿವಾಟಿನ ಸಂಖ್ಯೆ, ಆ್ಯಪ್‌ನ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ತಂಗಿಯ ದೂರು ದಾಖಲಾಗಿದೆ. ನಮ್ಮ ಗುಂಪಿನಲ್ಲಿ ಹಣ ಕಳೆದುಕೊಂಡ ಉಳಿದವರು ಮನೆಯವರಿಗೆ ಗೊತ್ತಾಗುತ್ತದೆಂದು ಹೆದರಿ ಇನ್ನೂ ಸುಮ್ಮನಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಫೋನ್ ಮಾಡಿ, ಠಾಣೆಗೆ ನಾನು ಜೊತೆಗೆ ಬರುತ್ತೇನೆ.