ಜಿಪಾರ್ಟೆಡ್: ಒಂಬತ್ತು ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್, ಇದೇ ಕೆಲಸ. ಮೂರು ಕಂಪ್ಯೂಟರ್, ಮೂರರಲ್ಲೂ ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್. ಹಳೇ ಗಿರಾಕಿಗಳ ಪೇಜ್‌ಮೇಕರ್, ನುಡಿ ಫೈಲುಗಳಿಗೋಸ್ಕರ ಒಂದರಲ್ಲಿ ಮಾತ್ರ ವಿಂಡೋಸ್ ಕೂಡ ಉಳಿಸಿಕೊಂಡಿದ್ದೇನೆ. 2016ರಲ್ಲಿ ಮಿಂಟ್ 18 ಹಾಕಿದಾಗಿನಿಂದ ಡಿಸ್ಕಿನ ಕೆಲಸಕ್ಕೆಲ್ಲ ಬಳಸಿದ್ದು ಜಿಪಾರ್ಟೆಡ್ ಒಂದನ್ನೇ. ಡಿಸ್ಕನ್ನು ಪಾರ್ಟಿಷನ್ ಅನ್ನುವ ಭಾಗಗಳಾಗಿ ಹಂಚುವ, ಅವನ್ನು ಹಿಗ್ಗಿಸುವ, ಕುಗ್ಗಿಸುವ ಪ್ರೋಗ್ರಾಂ ಇದು. ದುಡ್ಡು ಕೊಡುವ ಹಾಗಿಲ್ಲ, ಪೂರ್ತಿ ಉಚಿತ.

ತೆರೆದರೆ ಇಡೀ ಡಿಸ್ಕ್ ಒಂದು ಉದ್ದನೆ ಪಟ್ಟಿಯಾಗಿ ಕಾಣುತ್ತದೆ. ಲಿನಕ್ಸ್ ಫೈಲುಗಳಿರುವ ಇಎಕ್ಸ್‌ಟಿ4 ಪಾರ್ಟಿಷನ್‌ಗೆ ನೀಲಿ ಅಂಚು, ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕಿನ ಜಾಗ) ಕೆಂಪು-ಕಂದು, ಖಾಲಿ ಜಾಗ ಬೂದು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದೇ ಗುಣ. ನೀವು ಅಳಿಸಿ, ಎಳೆಯಿರಿ, ಹಿಗ್ಗಿಸಿ, ಡಿಸ್ಕಿಗೆ ಏನೂ ಆಗಿರುವುದಿಲ್ಲ. ಮಾಡಬೇಕಾದ ಕೆಲಸಗಳೆಲ್ಲ ಕೆಳಗೆ ಸಾಲಾಗಿ ನಿಲ್ಲುತ್ತವೆ. ಮೇಲಿನ ಹಸಿರು ಟಿಕ್ ಗುರುತು ಒತ್ತಿದ ಮೇಲೇ ನಿಜವಾದ ಕೆಲಸ ಶುರು. ಅಲ್ಲಿವರೆಗೆ ಒಂದೊಂದನ್ನೇ ವಾಪಸ್ ತಗೋಬಹುದು. ಆ ಸಾಲನ್ನು ನಾನು ಯಾವತ್ತೂ ಎರಡು ಸಲ ಓದುತ್ತೇನೆ. ಟಿಕ್ ಒತ್ತಿದ ಮೇಲೆ ಹಿಂದಕ್ಕೆ ದಾರಿ ಇಲ್ಲ.

ನನ್ನ ದೊಡ್ಡ ಪರೀಕ್ಷೆ ನಡೆದದ್ದು 2018ರ ಬೇಸಿಗೆಯಲ್ಲಿ. 500 ಜಿಬಿ ಹಾರ್ಡ್ ಡಿಸ್ಕ್. ಸಿಸ್ಟಮ್ ಇರುವ ರೂಟ್ ಪಾರ್ಟಿಷನ್‌ಗೆ 20 ಜಿಬಿ ಮಾತ್ರ ಕೊಟ್ಟಿದ್ದೆ, ಅದು ತುಂಬಿ ಅಪ್‌ಡೇಟೇ ಆಗುತ್ತಿರಲಿಲ್ಲ. ಪಕ್ಕದಲ್ಲಿ 4 ಜಿಬಿ ಸ್ವಾಪ್, ಅದರಾಚೆ ನನ್ನ ಫೈಲುಗಳಿರುವ ಹೋಮ್. ರೂಟ್ ಹಿಗ್ಗಬೇಕು ಅಂದರೆ ಪಕ್ಕದಲ್ಲೇ ಖಾಲಿ ಜಾಗ ಬೇಕು. ಅಲ್ಲಿ ಸ್ವಾಪ್ ಕೂತಿತ್ತು. ಅಂದರೆ ಹೋಮ್ ಅನ್ನು ಎಡಗಡೆಯಿಂದ ಕುಗ್ಗಿಸಬೇಕು, ಸ್ವಾಪ್ ಅಳಿಸಬೇಕು, ರೂಟ್ ಹಿಗ್ಗಿಸಬೇಕು, ಆಮೇಲೆ ಸ್ವಾಪ್ ಮತ್ತೆ ಮಾಡಬೇಕು. ಓಡುತ್ತಿರುವ ಸಿಸ್ಟಮ್‌ನಲ್ಲಿ ಇದು ಆಗದು. ಬಳಕೆಯಲ್ಲಿರುವ ಪಾರ್ಟಿಷನ್ ಮುಂದೆ ಬೀಗದ ಗುರುತು ಇರುತ್ತದೆ. ಹಾಗಾಗಿ ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವ ಜಿಪಾರ್ಟೆಡ್ ಲೈವ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿದೆ.

ಬಲಗಡೆ ಕುಗ್ಗಿಸುವುದು ನಿಮಿಷಗಳ ಕೆಲಸ. ಎಡಗಡೆ ಹಾಗಲ್ಲ. ಪಾರ್ಟಿಷನ್‌ನ ಶುರುವೇ ಸರಿಯಬೇಕಾದ್ದರಿಂದ ಒಳಗಿನ ಡೇಟಾ ಪೂರ್ತಿ ಎತ್ತಿ ಬೇರೆ ಕಡೆ ಇಡಬೇಕು. ಹೋಮ್‌ನಲ್ಲಿ ಎರಡು ನೂರು ಜಿಬಿ ಮೇಲೆ ಫೈಲುಗಳಿದ್ದವು. ಸಂಜೆ ಏಳಕ್ಕೆ ಶುರುವಾಗಿದ್ದು ಮುಗಿದಾಗ ಮಧ್ಯರಾತ್ರಿ ದಾಟಿತ್ತು. ನಡುವೆ ಒಂದು ಸಲ ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿತ್ತು, ನಾನು ಆ ಹಸಿರು ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಹೀಗೆ ಡೇಟಾ ಸರಿಸುವಾಗ ನಡುವೆ ಮಷೀನ್ ಆಫ್ ಆದರೆ ಪಾರ್ಟಿಷನ್ ಹಾಳಾಗಬಹುದು. ಬ್ಯಾಕಪ್ ತೆಗೆದಿದ್ದೆ, ಆದರೂ ಎದೆ ಹೊಡೆದುಕೊಂಡಿತು. ಬ್ಯಾಕಪ್ ಇಲ್ಲದೆ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಮರುದಿನ ಬೆಳಿಗ್ಗೆ ಬೂಟ್ ಆಗುವಾಗ ಪರದೆ ಒಂದೂವರೆ ನಿಮಿಷ ಸುಮ್ನೆ ನಿಂತಿತು. ತಪ್ಪು ಜಿಪಾರ್ಟೆಡ್‌ದಲ್ಲ. ಸ್ವಾಪ್ ಅಳಿಸಿ ಹೊಸದು ಮಾಡಿದಾಗ ಅದರ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಬದಲಾಗುತ್ತದೆ. ಬೂಟ್ ಆಗುವಾಗ ಯಾವ ಪಾರ್ಟಿಷನ್ ಬಳಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಇತ್ತು, ಸಿಸ್ಟಮ್ ಇಲ್ಲದ ಸ್ವಾಪ್‌ಗೆ 90 ಸೆಕೆಂಡ್ ಕಾಯುತ್ತಿತ್ತು. ಜಿಪಾರ್ಟೆಡ್‌ನಲ್ಲಿ ಸ್ವಾಪ್ ಮೇಲೆ ಬಲ ಕ್ಲಿಕ್ ಮಾಡಿ ಮಾಹಿತಿ ತೆರೆದರೆ ಹೊಸ ಯುಯುಐಡಿ ಸಿಗುತ್ತದೆ. ಅದನ್ನು ಎಫ್‌ಎಸ್‌ಟ್ಯಾಬ್‌ಗೆ ಹಾಕಿದೆ, ಸರಿಹೋಯಿತು. ಅಳಿಸದೆ ಇದ್ದ ಸ್ವಾಪನ್ನೇ ಸರಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಸ್ವಾಪ್ ಬೇಡವೇ ಬೇಡ ಅನ್ನುವವರೂ ಇದ್ದಾರೆ. ಒಮ್ಮೆ ರಿಪೇರಿಗೆ ಕೊಟ್ಟ ಕಂಪ್ಯೂಟರ್‌ನಲ್ಲಿ ಒಬ್ಬರು ಜಾಗ ತಿನ್ನುತ್ತೆ ಅಂತ ಸ್ವಾಪ್ ತೆಗೆದು ಕಳಿಸಿದ್ದರು. 4 ಜಿಬಿ ರ‍್ಯಾಮ್‌ನ ಮಷೀನ್ ಅದು. ಚಿತ್ರ ತಿದ್ದುವ ಗಿಂಪ್‌ನಲ್ಲಿ ಹತ್ತು ಅಡಿ ಫ್ಲೆಕ್ಸ್, ಪಕ್ಕದಲ್ಲಿ ಫೈರ್‌ಫಾಕ್ಸ್. "ಅಣ್ಣಾ, ಗಿಂಪ್ ತಾನೇ ಕ್ಲೋಸ್ ಆತು ನೋಡ್ರಿ, ಸೇವ್ ಮಾಡಿದ್ದಿಲ್ಲ" ಅಂದಳು ನಮ್ಮ ಹುಡುಗಿ. ರ‍್ಯಾಮ್ ತುಂಬಿ ಸ್ವಾಪೂ ಇಲ್ಲದಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಯಾವುದಾದರೂ ಪ್ರೋಗ್ರಾಂ ಅನ್ನು ತಾನೇ ಮುಚ್ಚಿಬಿಡುತ್ತದೆ, ಜಾಸ್ತಿ ಮೆಮೊರಿ ತಿನ್ನುತ್ತಿರುವುದನ್ನೇ ಹೆಚ್ಚಾಗಿ ಹಿಡಿಯುತ್ತದೆ. ಎರಡು ಗಂಟೆಯ ಕೆಲಸ ಹೋಯಿತು, ಪಾಪ ಅವಳ ಕಣ್ಣಲ್ಲಿ ನೀರು.

ಅವತ್ತು ಮತ್ತೆ ಪಾರ್ಟಿಷನ್ ಸರಿಸಲಿಲ್ಲ. ಪಾರ್ಟಿಷನ್ ಬದಲು ಸ್ವಾಪ್ ಫೈಲ್ ಮಾಡಿದೆ. ಮಿಂಟ್‌ಗೆ ಮೂಲವಾದ ಉಬುಂಟುವಿನಲ್ಲಿ 17.04ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅದೇ ಬರುತ್ತದೆ. ರೂಟ್‌ನಲ್ಲಿ 8 ಜಿಬಿಯ ಒಂದು ಫೈಲ್, ಅದನ್ನು ರೂಟ್ ಯೂಸರ್ (ಅಡ್ಮಿನ್) ಬಿಟ್ಟು ಬೇರೆಯವರು ಓದದ ಹಾಗೆ 600 ಪರ್ಮಿಷನ್, ಆಮೇಲೆ ಎಮ್‌ಕೆಸ್ವಾಪ್, ಸ್ವಾಪ್‌ಆನ್ ಕಮಾಂಡ್‌ಗಳು, ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು. ಐದು ನಿಮಿಷ. ಸಾಲದಿದ್ದರೆ ಸ್ವಾಪ್‌ಆಫ್ ಮಾಡಿ, ಅಳಿಸಿ, ದೊಡ್ಡದು ಮಾಡಿ. ಪಕ್ಕದವರನ್ನು ಎಬ್ಬಿಸುವ ಕೆಲಸವೇ ಇಲ್ಲ, ಅಲ್ವಾ? ಲ್ಯಾಪ್‌ಟಾಪ್ ಹೈಬರ್ನೇಟ್ ಮಾಡುವವರಿಗೆ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿನಲ್ಲಿಟ್ಟು ಆಫ್ ಮಾಡುವುದು) ಮಾತ್ರ ರ‍್ಯಾಮಿನಷ್ಟು ದೊಡ್ಡ ಸ್ವಾಪ್ ಪಾರ್ಟಿಷನ್ ಇದ್ದರೇ ಸುಲಭ.

ಇನ್ನು ಕೊರತೆಗಳು. ಎಲ್‌ವಿಎಂ (ಡಿಸ್ಕಿನ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ಒಳಗಿನ ಲಾಜಿಕಲ್ ವಾಲ್ಯೂಮ್‌ಗಳನ್ನು ಜಿಪಾರ್ಟೆಡ್ ನಿಭಾಯಿಸುವುದಿಲ್ಲ, ಅದಕ್ಕೆ ಟರ್ಮಿನಲ್‌ಗೇ ಹೋಗಬೇಕು. ಎಕ್ಸ್‌ಎಫ್‌ಎಸ್ ಹಿಗ್ಗಿಸಬಹುದು, ಕುಗ್ಗಿಸಲಾಗದು, ಆದರೆ ಅದು ಆ ಫೈಲ್ ಸಿಸ್ಟಮ್‌ನದೇ ಮಿತಿ. ವಿಂಡೋಸ್ ಇದ್ದವರು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿಯೇ ಅದರ ಪಾರ್ಟಿಷನ್ ಮುಟ್ಟಿ. ಇಲ್ಲದಿದ್ದರೆ ಜಿಪಾರ್ಟೆಡ್ ಒಪ್ಪುವುದಿಲ್ಲ. ಮೊದಲ ಸಲ ನನಗೆ ಸಿಟ್ಟು ಬಂದಿತ್ತು. ಈಗ ಅದು ಒಪ್ಪದಿರುವುದೇ ಸರಿ ಅನ್ನಿಸುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಲೈವ್ ಪೆನ್‌ಡ್ರೈವ್ ಗಲ್ಲಾಪೆಟ್ಟಿಗೆಯಲ್ಲೇ ಇದೆ. ಮುಂದಿನ ವಾರ ಮೂರನೇ ಮಷೀನ್‌ನ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಬೇಕು, ಅದೂ ಇದರಲ್ಲೇ.