ಮಷಿನ್ ಬೇಕೋ, ಮಂದಿ ಬೇಕೋ? ಕಲಬುರಗಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿದ ಅನುಭವ

ಹೋಟೆಲ್ ಬಗ್ಗೆ, ಸೀರೆ ಅಂಗಡಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವವರ ಬಗ್ಗೆ ಯಾರೂ ಬರೆಯುವುದಿಲ್ಲ. ತುಂಬಿದಾಗ ಮಾತ್ರ ನಂಬರ್ ಹುಡುಕುತ್ತೇವೆ. ಈ ಸಲ ನಾನು ಇಬ್ಬರನ್ನು ಕರೆಸಬೇಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ.

ನಮ್ಮದು ಸೇಡಂ ರಸ್ತೆ ಕಡೆ ಒಂದು ಸಣ್ಣ ಖಾನಾವಳಿ. ಕೆಳಗೆ ಆರು ಟೇಬಲ್, ಮೇಲೆ ನಾಲ್ಕು ಖೋಲಿ. ಖೋಲಿಗಳಲ್ಲಿ ಕಾಲೇಜು ಹುಡುಗರಿದ್ದಾರೆ. ನಮ್ಮನ್ನೂ ಸೇರಿಸಿದರೆ ಹದಿನಾಲ್ಕು ಮಂದಿಗೆ ಒಂದೇ ಟ್ಯಾಂಕ್. ನಮ್ಮ ಓಣಿಗೆ ಒಳಚರಂಡಿ ಪೈಪ್ ಬಂದಿಲ್ಲ. ಕರಿ ಮಣ್ಣು ಬೇರೆ, ಮಳೆ ಹಿಡಿದರೆ ನೀರು ಇಂಗುವುದೇ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಂತೆ. ನಾನು ಐದು ವರ್ಷ ಎಳೆದೆ. ಮಳೆಗಾಲದಲ್ಲಿ ಒಂದು ದಿನ ಕೆಳಗಿನ ಸಂಡಾಸ ತುಂಬಿ ಮೇಲಕ್ಕೆ ಬಂತು. ಊಟಕ್ಕೆ ಬಂದವರು ಮೂಗು ಮುಚ್ಚಿಕೊಂಡು ರೊಟ್ಟಿ ಪಾರ್ಸೆಲ್ ತಗೊಂಡು ಹೋದರು.

ಕಾಂಪೌಂಡ್ ಗೋಡೆ ಮೇಲೆ ಬರೆದಿದ್ದ ಒಂದು ನಂಬರಿಗೆ ಫೋನ್ ಹಚ್ಚಿದೆ. ಆ ಕಡೆಯವನ ಮೊದಲ ಮಾತು: "ಮಷಿನ್ ಬೇಕೇನ್ರಿ, ಮಂದಿ ಬೇಕೇನ್ರಿ?"

ಚಹಾಕ್ಕೆ ಸಕ್ಕರೆ ಹಾಕಲೋ ಬೇಡವೋ ಅನ್ನುವ ಹಾಗೆ ಕೇಳಿದ. ಮಷಿನ್ ಆದರೆ 3,600 ರೂಪಾಯಿ, ತಳದ ಗಟ್ಟಿ ಹಾಗೇ ಉಳಿಯುತ್ತದೆ. ಮಂದಿ ಆದರೆ 2,500, ಪೂರಾ ಸಾಫ್. ನಾನು ಮಂದಿ ಅಂದೆ. ಸುಳ್ಳು ಯಾಕೆ ಹೇಳಲಿ, ಆಗ ತಲೆಯಲ್ಲಿ ಇದ್ದದ್ದು ಉಳಿಯುವ ಸಾವಿರದ ನೂರು ರೂಪಾಯಿ, ಅಷ್ಟೇ.

ಮರುದಿನ ಇನ್ನೂ ಕತ್ತಲು ಇರುವಾಗಲೇ ಒಂದು ಬೈಕ್ ಮೇಲೆ ಇಬ್ಬರು ಬಂದರು. ಎರಡು ಬಕೆಟ್, ಒಂದು ಹಾರೆ, ಒಂದು ಹಗ್ಗ. ಕೈಗೆ ಗ್ಲೌಸ್ ಇಲ್ಲ, ಬೂಟಿಲ್ಲ, ಮುಖಕ್ಕೆ ಏನೂ ಇಲ್ಲ. ಹಾರೆ ಹಾಕಿ ಶಹಾಬಾದ್ ಫರಸಿ ಎತ್ತಿದರು. ಸಣ್ಣವನು ಅಂಗಿ ಬಿಚ್ಚಿದ. ನಮ್ಮ ಮೇಲಿನ ಖೋಲಿಯ ಹುಡುಗರ ವಯಸ್ಸೇ ಇದ್ದೀತು. ದೊಡ್ಡವನು ಕಾಗದ ಹೊತ್ತಿಸಿ ಒಳಗೆ ಹಾಕಿದ. ಅದು ಆರದಿದ್ದರೆ ಇಳಿಯಬಹುದಂತೆ. (ಇದು ಎಂಥಾ ಹುಚ್ಚು ಅಂತ ಆಮೇಲೆ ಗೊತ್ತಾಯಿತು. ಒಳಗೆ ಮೀಥೇನ್ ಇದ್ದರೆ ಬೆಂಕಿಗೆ ಸಿಡಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಇನ್ನೊಂದು ವಿಷಗಾಳಿ ಇದೆ, ಹೈಡ್ರೋಜನ್ ಸಲ್ಫೈಡ್. ಅದು ಜಾಸ್ತಿ ಆದರೆ ಮೂಗೇ ಸತ್ತು ಹೋಗುತ್ತದೆ, ವಾಸನೆ ಗೊತ್ತಾಗುವುದಿಲ್ಲ. ಕಾಗದ ಉರಿದರೂ ಅದು ಒಳಗೆ ಇರಬಹುದು.)

ಸಣ್ಣವನು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. "ಹಗ್ಗ ಯಾಕಪ್ಪಾ?" ಅಂದೆ.

"ಏನಾರ ಆದ್ರ ಎಳೀಲಾಕ್ರಿ ಅಕ್ಕಾ."

ಬೇಡ, ಇಳಿಯಬೇಡ ಅಂದೆ. ನನಗೆ ಆಗ ಯಾವ ಕಾಯ್ದೆಯೂ ಗೊತ್ತಿರಲಿಲ್ಲ. ಆ ಹಗ್ಗ ನೋಡಿ ಹೆದರಿಕೆ ಆಯಿತು, ನಿಜ ಅದೇ. ಆದರೆ ಹುಡುಗನಿಗೆ ಸಿಟ್ಟು ಬಂತು. ಅವನ ಆ ದಿನದ ಪಗಾರ ಹೋಯಿತಲ್ಲ. ಐನೂರು ಕೊಟ್ಟೆ, ತಗೊಂಡ, ಮಾತಾಡದೆ ಫರಸಿ ಮುಚ್ಚಿ ಹೋದ. ಗುತ್ತೇದಾರ ಫೋನಿನಲ್ಲಿ ಬೈದ: "ಅವರಿಗೆ ರೂಢಿ ಅದರಿ, ನಿಮಗ್ಯಾಕ್ರಿ?" ಈ ಸೇವೆಗೆ ನಾನು ಒಂದು ಸ್ಟಾರೂ ಕೊಡುವುದಿಲ್ಲ. ಇಬ್ಬರು ಕೆಲಸಗಾರರ ಮೇಲೆ ನನಗೆ ಯಾವ ದೂರೂ ಇಲ್ಲ.

ನಮ್ಮಲ್ಲಿ ದಿನಾ ಊಟ ಮಾಡುವ ವಕೀಲರೊಬ್ಬರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದು ಬಿಟ್ಟು ನನ್ನ ಮುಖ ನೋಡಿದರು. ಟ್ಯಾಂಕಿಗೆ ಮನುಷ್ಯರನ್ನು ಹಾಗೆ ಇಳಿಸುವುದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗುತ್ತೇದಾರನಿಗೆ ಅಲ್ವಾ ಅದು ಅಂದೆ. "ನೇರವಾಗಿ ಆಗಲಿ, ಇನ್ನೊಬ್ಬರ ಮೂಲಕ ಆಗಲಿ ಅಂತ ಬರೆದಿದೆ ಅವ್ವಾ, ಕರೆಸಿದ ನೀವೂ ಬರ್ತೀರಿ" ಅಂದರು. ಒಳಗೆ ಸತ್ತವರ ಮನೆಗೆ 10 ಲಕ್ಷ ಪರಿಹಾರ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಂತೆ. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು. ನಮ್ಮ ಅಪ್ಪ ಬಸವಲಿಂಗಪ್ಪನವರ ಹೆಸರು ಹೇಳುತ್ತಿದ್ದರು. ದೇವರಾಜ ಅರಸರ ಕಾಲದ ಮಂತ್ರಿ, ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದವರು. ಅದೆಲ್ಲ ಮುಗಿದ ಕಥೆ ಅಂದುಕೊಂಡಿದ್ದೆ. ತಲೆ ಮೇಲಿನ ಬುಟ್ಟಿ ಹೋಗಿದೆ, ಹಗ್ಗ ಬಂದಿದೆ.

ಈಗ ಎರಡನೆಯ ಸೇವೆ. ಇವರದು ಹಳದಿ ಟ್ಯಾಂಕರ್. ಈ ಸಲ ಮೊದಲ ಪ್ರಶ್ನೆ ನಾನೇ ಕೇಳಿದೆ: ಒಳಗೆ ಯಾರಾದರೂ ಇಳೀತಾರಾ? "ಇಲ್ರಿ ಅಕ್ಕಾ, ಪೈಪ್ ಇಳೀತದ, ಮನುಷ್ಯಾ ಇಳಿಯಂಗಿಲ್ಲ." ನೀವೂ ಫೋನಿನಲ್ಲೇ ಇದನ್ನು ಕೇಳಿ. ರೇಟ್ ಆಮೇಲೆ ಕೇಳಿದರಾಯಿತು.

ಹನ್ನೊಂದಕ್ಕೆ ಬರುತ್ತೇವೆ ಅಂದವರು ಮಧ್ಯಾಹ್ನ ಮೂರಕ್ಕೆ ಬಂದರು. ಓಣಿ ಸಣ್ಣದು, ಗಾಡಿ ಒಳಗೆ ಬರಲಿಲ್ಲ. ನಾಲ್ಕು ಪೈಪ್ ಜೋಡಿಸಿ ಎಳೆದರು. ಫರಸಿ ತೆಗೆದು ಅರ್ಧ ಗಂಟೆ ಸುಮ್ನೆ ಬಿಟ್ಟರು, ಗಾಳಿ ಹೋಗಲಿ ಅಂತ. ಬೀಡಿ ಹಚ್ಚಬೇಡಿ ಅಂತ ಮೇಲಿನ ಹುಡುಗರಿಗೂ ಹೇಳಿದರು. ತಳದ ಗಟ್ಟಿ ಮಷಿನ್‌ಗೆ ಬರುವುದಿಲ್ಲ ಅನ್ನುವುದು ಪೂರಾ ಸುಳ್ಳು. ಇವರು ಜೋರಾಗಿ ನೀರು ಬಿಟ್ಟು, ಗಟ್ಟಿಯನ್ನು ಕದಡಿ, ಆಮೇಲೆ ಎಳೆದರು. ಎರಡು ಲೋಡ್ ಆಯಿತು, 3,400 ರೂಪಾಯಿ. ತಳದಲ್ಲಿ ಒಂದು ಗೇಣು ಬೇಕಂತಲೇ ಬಿಟ್ಟರು. ಕೊಳೆಸುವ ಹುಳ ಅದರಲ್ಲೇ ಇರುತ್ತವಂತೆ. ಸದ್ದು ಮಾತ್ರ ಹಿಟ್ಟಿನ ಗಿರಣಿ ಹಾಗೆ. ಓಣಿಯಲ್ಲಿ ಚೆಲ್ಲಿದ್ದನ್ನು ತಾವೇ ತೊಳೆದು ಫಿನಾಯಿಲ್ ಹಾಕಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಡಿದದ್ದು ಗ್ಲೌಸಿಗೆ. ಬೂಟು ಹಾಕಿದ್ದರು, ಗ್ಲೌಸ್ ಮಾತ್ರ ಡ್ರೈವರ್ ಸೀಟಿನ ಹಿಂದೆ ಹೊಸದಾಗೇ ತೂಗುತ್ತಿತ್ತು. ಅದನ್ನು ಮಾಲೀಕರು ಬಂದು ನೋಡಬೇಕು. ಒಂದು ಪೂರ್ತಿ ಕಡಿದದ್ದು, ಇದನ್ನು ಎಲ್ಲಿ ಸುರಿಯುತ್ತೀರಿ ಅಂದಾಗ "ಹೊಲದಾಗ್ರಿ, ರೈತರೇ ಕೇಳ್ತಾರ" ಅಂದದ್ದಕ್ಕೆ. ಶುದ್ಧ ಮಾಡುವ ಘಟಕಕ್ಕೆ ಒಯ್ಯಬೇಕಲ್ಲ? ನಾನು ಕೊಳ್ಳುವ ಮೆಂತೆ ಯಾವ ಹೊಲದ್ದೋ ಏನೋ.

ಟ್ಯಾಂಕರ್ ಜೊತೆ ಬಂದಿದ್ದ ಇಬ್ಬರೂ ಬೆಳಗಿನಿಂದ ಉಂಡಿರಲಿಲ್ಲ. ಹಿರಿಯವನಿಗೆ ಐವತ್ತು ದಾಟಿರಬೇಕು. ಮೊದಲು ತಾನೇ ಇಳಿಯುತ್ತಿದ್ದನಂತೆ, ಮಷಿನ್ ಬಂದ ಮೇಲೆ ಬಿಟ್ಟನಂತೆ. ಕೈ ತೊಳೆದು ಒಳಗೆ ಬರ್ರಿ, ರೊಟ್ಟಿ, ಪುಂಡಿ ಪಲ್ಯ ಇದೆ ಅಂದೆ. ಹುಡುಗ ಬಂದು ಕೂತ. ಹಿರಿಯವನು ಬಾಗಿಲಲ್ಲೇ ನಿಂತ. "ನನಗ ಕಟ್ಟಿ ಕೊಡ್ರಿ ಅಕ್ಕಾ, ಒಳಗ ಗಿರಾಕಿ ಇರ್ತಾರ."

ಆಗ ಸಂಜೆ ಐದೂವರೆ. ಹುಡುಗ ಕೂತ ಟೇಬಲ್ ಬಿಟ್ಟು ಐದೂ ಖಾಲಿ. ಎರಡು ಸಲ ಕರೆದೆ, ಬರಲಿಲ್ಲ. ಐದು ವರ್ಷದ ಹಿಂದೆ ಟ್ಯಾಂಕ್ ಖಾಲಿ ಮಾಡಲು ಬಂದವನಿಗೆ ನಾನೇ ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಟ್ಟು, ಬಾಟಲಿ ನೀನೇ ಇಟ್ಟುಕೋ ಅಂದಿದ್ದೆ. ಅದನ್ನು ದಾನ ಅಂದುಕೊಂಡಿದ್ದೆ. ಮೂರನೆಯ ಸಲ ಕರೆಯಲು ನನಗೆ ಬಾಯಿ ಬರಲಿಲ್ಲ. ಸ್ಟೀಲ್ ತಾಟಿನಲ್ಲಿ ಹಾಕಿ ಹೊರಗೆ ಕುರ್ಚಿ ಇಟ್ಟೆ. ಕುರ್ಚಿ ಮೇಲೂ ಕೂರಲಿಲ್ಲ, ಕಟ್ಟೆ ಮೇಲೆ ಕೂತು ಉಂಡ. ಶೇಂಗಾ ಹಿಂಡಿ ಚಲೋ ಅದ ಅಂತ ಇನ್ನೊಂದು ಚಮಚ ಹಾಕಿಸಿಕೊಂಡ.

ಮನುಷ್ಯರನ್ನು ಇಳಿಸುವುದು ಕಂಡರೆ 14420 ಸಹಾಯವಾಣಿಗೆ ಫೋನ್ ಮಾಡಿ ಹೇಳಬಹುದು. ಮಳೆಗಾಲದಲ್ಲಿ ಟ್ಯಾಂಕರ್ ಸಿಗುವುದು ಕಷ್ಟ, ಮೇ ತಿಂಗಳಲ್ಲೇ ಹೇಳಿಡಿ. ಓಣಿ ಸಣ್ಣದಿದ್ದರೆ ಪೈಪ್ ಎಷ್ಟು ಉದ್ದ ಬೇಕು ಅಂತ ಮೊದಲೇ ಅಳೆದುಕೊಳ್ಳಿ.