ಹಳೇ ಟಿವಿ, ಫ್ರಿಜ್, ಲ್ಯಾಪ್‌ಟಾಪ್: ಗುಜರಿಗಾ, ಎಕ್ಸ್‌ಚೇಂಜ್‌ಗಾ, ರೀಸೈಕ್ಲರ್‌ಗಾ?

ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿದ್ದ ಹಳೇ ಎಲೆಕ್ಟ್ರಾನಿಕ್ ಸಾಮಾನೆಲ್ಲ ಸಾಗಿಸಬೇಕಿತ್ತು. ಗುಜರಿ, ಎಕ್ಸ್‌ಚೇಂಜ್, ಎಸ್.ಪಿ. ರೋಡಿನ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳು, ಅಧಿಕೃತ ರೀಸೈಕ್ಲರ್, ಎಲ್ಲವನ್ನೂ ನೋಡಿದೆ. ಯಾರು ಜಾಸ್ತಿ ದುಡ್ಡು ಕೊಡುತ್ತಾರೆ ಅನ್ನೋದು ಮುಖ್ಯ ಅಲ್ಲ. ದುಡ್ಡು ಹುಟ್ಟದ ಸಾಮಾನನ್ನು ಯಾರು ತಗೊಳ್ಳುತ್ತಾರೆ, ತಗೊಂಡು ಏನು ಮಾಡುತ್ತಾರೆ, ಅದನ್ನು ನೋಡಬೇಕು.

ಗುಜರಿಯಷ್ಟು ಸಲೀಸು ಬೇರೆ ಯಾವುದೂ ಇಲ್ಲ. ಬಾಗಿಲಿಗೇ ಬರುತ್ತಾರೆ, ತೂಕ ಹಾಕುತ್ತಾರೆ, ಕೈಗೆ ದುಡ್ಡು ಕೊಡುತ್ತಾರೆ. ಕಬ್ಬಿಣದ ಸ್ಟ್ಯಾಂಡು, ಸ್ಟೀಲ್ ಪಾತ್ರೆ ಧಾರಾಳವಾಗಿ ಕೊಡಿ. ಆದರೆ ಹಳೇ ಟ್ಯೂಬ್ ಟಿವಿಗೆ ಏನಾಗುತ್ತದೆ ಅಂತ ನಾನು ಗುಜರಿ ಅಂಗಡಿ ಮುಂದೆ ನಿಂತೇ ನೋಡಿದೆ. ಹಿಂದಿನ ಮುಚ್ಚಳ ಕಿತ್ತರು, ಸುತ್ತಿಗೆಯಿಂದ ಟ್ಯೂಬಿನ ಕುತ್ತಿಗೆಗೆ ಒಂದು ಏಟು, ಅದಕ್ಕೆ ಸುತ್ತಿದ್ದ ತಾಮ್ರದ ಸುರುಳಿ ಎಳೆದುಕೊಂಡರು, ಬೋರ್ಡ್ ಪಕ್ಕಕ್ಕಿಟ್ಟರು, ಗಾಜು ಹಾಗೇ ಮೋರಿ ಪಕ್ಕದ ರಾಶಿಗೆ. ಆ ಗಾಜಿನಲ್ಲಿ ಸೀಸ ಇರುತ್ತದೆ, ಒಂದು ದೊಡ್ಡ ಟಿವಿಯಲ್ಲಿ ಕಿಲೋ ಲೆಕ್ಕದಲ್ಲೇ ಇರಬಹುದು. ಅವರ ಕೈಗೆ ಗ್ಲೌಸ್ ಕೂಡ ಇರಲಿಲ್ಲ. ಅವರನ್ನು ಬೈಯುವ ಮಾತಲ್ಲ ಇದು, ಹೊಟ್ಟೆಪಾಡು. ಆದರೆ ಆ ವಿಷ ಮೊದಲು ತಟ್ಟೋದು ಅವರಿಗೇ ಅಲ್ವಾ? ವೈರಿನ ಕಟ್ಟೂ ಹಾಗೇ, ತಾಮ್ರಕ್ಕಾಗಿ ಮೇಲಿನ ಪ್ಲಾಸ್ಟಿಕ್ ಸುಡುವುದುಂಟು.

ಫ್ರಿಜ್ ಎಕ್ಸ್‌ಚೇಂಜ್‌ಗೆ ಹೋಯಿತು. ಮೂರನೇ ಮಹಡಿಯಿಂದ ಇಳಿಸುವ ತಾಪತ್ರಯ ತಪ್ಪಿತು, ಬಿಲ್ಲಿನಲ್ಲಿ ಸ್ವಲ್ಪ ಕಡಿತವೂ ಸಿಕ್ಕಿತು. ಇದು ಎಲ್ಲಿಗೆ ಹೋಗುತ್ತಪ್ಪಾ ಅಂತ ಬಂದ ಹುಡುಗರನ್ನು ಕೇಳಿದೆ. "ಗೋಡೌನ್‌ಗೆ ಸಾರ್, ಅಲ್ಲಿಂದ ಮುಂದೆ ನಮಗೆ ಗೊತ್ತಿಲ್ಲ" ಅಂದರು. ಇದೇ ನನಗೆ ಸಮಾಧಾನ ಆಗದ ವಿಷಯ. ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್-134ಎ ಅನ್ನೋ ಗ್ಯಾಸು ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಯಾರಾದರೂ ಕಂಪ್ರೆಸರ್ ಪೈಪು ಸುಮ್ನೆ ಕತ್ತರಿಸಿದರೆ ಅಷ್ಟೂ ಗಾಳಿಗೆ. ಅದಕ್ಕೇ ಎಕ್ಸ್‌ಚೇಂಜ್ ಮಾಡುವ ಮುಂಚೆ ಅಂಗಡಿಯವರನ್ನು ಯಾವ ರೀಸೈಕ್ಲರ್‌ಗೆ ಕೊಡುತ್ತೀರಿ ಅಂತ ಕೇಳಿ.

ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿದ್ದರೆ ಎಸ್.ಪಿ. ರೋಡೇ ಸರಿ. ಪರದೆ, ರ‍್ಯಾಮ್, ಚಾರ್ಜರ್ ಇನ್ನೊಬ್ಬರ ಮೆಷಿನ್‌ನಲ್ಲಿ ಕೆಲಸ ಮಾಡುತ್ತವೆ, ಒಡೆದು ಕರಗಿಸುವುದಕ್ಕಿಂತ ಅದು ಎಷ್ಟೋ ಮೇಲು. ನಿಮ್ಮ ಫೈಲು, ಫೋಟೋ ಎಲ್ಲ ಇರುವ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ.

ಇನ್ನು ರೀಸೈಕ್ಲರ್. ದೇಶದ ಮೊದಲ ಅಧಿಕೃತ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಇಲ್ಲೇ ದಾಬಸ್‌ಪೇಟೆಯಲ್ಲಿ, ಆದರೂ ನಮ್ಮ ಬೀದಿಯಲ್ಲಿ ಹೆಚ್ಚಿನವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಅನುಮತಿ ಇರುವವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯದ ಹೊಸ ನಿಯಮದಲ್ಲಿ 106 ಬಗೆಯ ಸಾಮಾನು ಸೇರಿವೆ, ಹಳೇದರಲ್ಲಿ 21 ಇದ್ದವು. ತೊಂದರೆ ಏನೆಂದರೆ ಒಂದು ಮಿಕ್ಸಿ, ಒಂದು ಟಿವಿಗೆಲ್ಲ ಗಾಡಿ ಬರುವುದು ಕಷ್ಟ. ಅಕ್ಕಪಕ್ಕದ ಮನೆಯವರನ್ನು ಕೇಳಿ ಒಟ್ಟು ಮಾಡಿದ ಮೇಲೆ ಬಂದರು. ದುಡ್ಡು ಗುಜರಿಗಿಂತ ಕಡಿಮೆ, ಕಾಯುವುದು ಜಾಸ್ತಿ. ಆದರೆ ಯಾರಿಗೂ ಬೇಡವಾದ ಇನ್ನೊಂದು ಟ್ಯೂಬ್ ಟಿವಿಯನ್ನು ಒಡೆಯದೆ ಇಡಿಯಾಗಿ ಎತ್ತಿಕೊಂಡು ಹೋದವರು ಅವರೊಬ್ಬರೇ, ಜೊತೆಗೆ ರಸೀದಿಯನ್ನೂ ಕೊಟ್ಟರು. ನನ್ನ ಓಟು ಇದಕ್ಕೇ.

ಸಿಎಫ್‌ಎಲ್ ಬಲ್ಬ್ ಎಲ್ಲರೂ ತಗೊಳ್ಳುವುದಿಲ್ಲ, ಅದರಲ್ಲಿ ಪಾದರಸ ಇರುತ್ತದೆ, ಫೋನ್‌ನಲ್ಲೇ ಕೇಳಿಕೊಳ್ಳಿ. ಉಬ್ಬಿದ ಮೊಬೈಲ್ ಬ್ಯಾಟರಿ ಇದ್ದರೆ ಗಾಡಿ ಬರೋವರೆಗೂ ಒತ್ತಬೇಡಿ, ಚುಚ್ಚಬೇಡಿ. ತುದಿಗಳಿಗೆ ಟೇಪ್ ಹಚ್ಚಿ, ಒಣ ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಬಂದವರಿಗೆ ಅದನ್ನು ಬೇರೆಯಾಗಿಯೇ ಕೈಗೆ ಕೊಡಿ.